ರೋಸಾಲ್ಬಾಳ ಕಾರಿನ ಮೂರನೆಯ ಕೀ

"ಲೈಸೆನ್ಸ್ ತೋರಿಸಮ್ಮ. ಗಾಡಿಯ ನೋಂದಣಿ ಕಾಗದಾನೂ."

ರೋಸಾಲ್ಬಾ ಮಿನೆರ್ವಿನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ನನ್ನನ್ನೇ ಕೇಳ್ತೀರಾ ಕ್ಲೆಮ್? ನಿಮ್ಮ ಹೆಂಡತಿ ಹಾಸಿಗೆ ಹಿಡಿದಾಗ ವಾರಕ್ಕೆ ಮೂರು ಸಲ ನಿಮ್ಮ ಮನೆಗೆ ಬರ್ತಿದ್ದ ನರ್ಸ್ ನಾನೇ ಅಲ್ವಾ?"

"ಮಂತ್ರಿ ಬಂದ್ರೂ ಅಷ್ಟೇ, ಪಾದ್ರಿ ಬಂದ್ರೂ ಅಷ್ಟೇ ಕಣಮ್ಮ. ಮೂವತ್ತೆಂಟು ವರ್ಷ ಆಯ್ತು ಈ ಕಸುಬಿಗೆ. ಕಾಗದ ನೋಡದೆ ಒಂದೇ ಒಂದು ಕೀ ಮಾಡಿಲ್ಲ ಈ ಕ್ಲೆಮ್ ಬೊಲೀತೋ."

ಮಾತು ಹೇಳಿದ್ದು ರೋಸಾಲ್ಬಾಗೆ. ಕೇಳಿಸಲಿ ಅಂತ ಇದ್ದದ್ದು ಮಾತ್ರ ಮೋಟು ಗೋಡೆಯ ಮೇಲೆ ಕೂತು ಪೇಸ್ಟಿ ಅನ್ನುವ ಮಾಂಸದ ಕಡುಬು ತಿನ್ನುತ್ತಿದ್ದ ಡಿಟೆಕ್ಟಿವ್ ಸಾರ್ಜೆಂಟ್ ಇರೀನಾ ಡೂಡೆಕ್‌ಗೆ. ಆಕೆ ತುಟಿಯ ಮೇಲಿನ ಚೂರು ಒರೆಸಿಕೊಂಡು, "ಅಷ್ಟು ಶಿಸ್ತು ನಮ್ಮ ಇಲಾಖೇಲೂ ಇಲ್ಲ," ಅಂದಳು.

ಕ್ಲೆಮ್‌ಗೆ ಒಳಗೊಳಗೇ ಹಿತವಾಯಿತು. ಲೈಸೆನ್ಸಿನ ನಂಬರನ್ನು ನಿಧಾನವಾಗಿ, ದುಂಡಗೆ ಪುಸ್ತಕದಲ್ಲಿ ಬರೆದುಕೊಂಡ.

ಹತ್ತು ದಿನದ ಹಿಂದೆ, ಒಂದು ಮಂಗಳವಾರ ಬೆಳಿಗ್ಗೆ, ಈ ಬೆಳ್ಳಿ ಬಣ್ಣದ ಕಾರು ರೋಸಾಲ್ಬಾಳ ಮನೆ ಮುಂದಿನ ಇದೇ ಜಾಗದಿಂದ ಮಾಯವಾಗಿತ್ತು. ಗಾಜು ಒಡೆದಿರಲಿಲ್ಲ, ಬೀಗ ಮುರಿದಿರಲಿಲ್ಲ. ಆರನೆಯ ದಿನ ಪೋರ್ಟ್ ವೆನ್ನರ್ ಊರಿನಾಚೆಯ ಉಪ್ಪು ಜೌಗಿನಲ್ಲಿ, ಏಡಿ ಹಿಡಿಯಲು ಹೋದವನೊಬ್ಬನ ಕಣ್ಣಿಗೆ ಬಿದ್ದಿತ್ತು. ಎಲ್ಲ ಇತ್ತು, ಸೀಟಿನಡಿಯ ಕಪ್ಪು ಚೀಲ ಒಂದು ಬಿಟ್ಟು.

ಆ ಚೀಲದಲ್ಲಿ ರೋಸಾಲ್ಬಾಳ ನೋಟ್‌ಬುಕ್ಕಿತ್ತು. ನೋಟ್‌ಬುಕ್ಕಿನಲ್ಲಿ ಹನ್ನೊಂದು ಮುದುಕರ ಮನೆ ಬಾಗಿಲಿನ ಗುಟ್ಟಿನ ನಂಬರುಗಳು. ಒಂಟಿಯಾಗಿ ಬದುಕುವವರ ಬಾಗಿಲ ಪಕ್ಕದ ಗೋಡೆಗೆ ಒಂದು ಪುಟ್ಟ ಉಕ್ಕಿನ ಪೆಟ್ಟಿಗೆ ಇರುತ್ತದೆ. ನಾಲ್ಕು ಅಂಕಿ ಒತ್ತಿದರೆ ತೆರೆದುಕೊಳ್ಳುತ್ತದೆ, ಒಳಗೆ ಮನೆಯ ಕೀ. ಬೀಳಲಿ, ಏಳಲಿ, ನರ್ಸು ಒಳಗೆ ಬರಬೇಕಲ್ಲ.

ಕಾರು ಹೋದ ಮರುದಿನವೇ ಎಂಬತ್ತನಾಲ್ಕು ವರ್ಷದ ಆಲ್ಫ್ ಕ್ವಿಕ್ ತನ್ನ ಮನೆಯ ಪಡಸಾಲೆಯಲ್ಲಿ ತಲೆ ಒಡೆದುಕೊಂಡು ಬಿದ್ದಿದ್ದು ಪಕ್ಕದ ಮನೆಯವರಿಗೆ ಗೊತ್ತಾಯಿತು. ಬೀರು, ಮೇಜು ಎಲ್ಲ ಕೆದಕಿ ಹಾಕಿತ್ತು. ಅವನಿಗೆ ಜೀವವಿತ್ತು, ಮಾತು ನಿಂತುಹೋಗಿತ್ತು. ಆಮೇಲೆ ಅದೇ ಪಟ್ಟಿಯ ಇನ್ನೂ ಎರಡು ಮನೆಗೆ ಯಾರೋ ನುಗ್ಗಿದ್ದರು.

ಕ್ಲೆಮ್ ಕಾರಿನೊಳಗೆ ಕೂರಹೋಗಿ "ಅಯ್ಯಪ್ಪಾ" ಅಂದ. ಮೊಣಕಾಲು ಹೋಗಿ ಸ್ಟಿಯರಿಂಗಿಗೆ ಬಡಿದಿತ್ತು. ಸೀಟನ್ನು ಯಾರೋ ಪೂರ್ತಿ ಮುಂದಕ್ಕೆ ಎಳೆದು ಬಿಟ್ಟಿದ್ದರು.

"ಹಿಂದಕ್ಕೆ ತಳ್ಳಿ, ಫೋಟೋ ಆಗಿದೆ," ಅಂದಳು ಡೂಡೆಕ್. "ರೋಸಾಲ್ಬಾ ಕಾಲು ನೋಡಿದ್ದೀರಲ್ಲ, ಒಂಟೆ ಕಾಲು. ಓಡಿಸಿಕೊಂಡು ಹೋದವರು ಅಷ್ಟು ಎತ್ತರ ಇಲ್ಲ."

ಒಳಗೆಲ್ಲ ಜೌಗಿನ ಕೆಸರು ವಾಸನೆ, ಬೆರಳಚ್ಚಿನ ಕರಿ ಪುಡಿ. ಕ್ಲೆಮ್ ತನ್ನ ಯಂತ್ರದ ವೈರನ್ನು ಸ್ಟಿಯರಿಂಗ್ ಕೆಳಗಿನ ಕಿಂಡಿಗೆ ಸಿಕ್ಕಿಸಿದ. ಈಗಿನ ಕಾರಿನ ಕೀ ಬರೀ ಕಬ್ಬಿಣವಲ್ಲ. ಒಳಗೊಂದು ಎಲೆಕ್ಟ್ರಾನಿಕ್ ಚಿಪ್, ಆ ಚಿಪ್‌ನ ಗುರುತು ಕಾರಿನ ಮಿದುಳಿನಲ್ಲಿ. ಗುರುತು ಸಿಗದಿದ್ದರೆ ಎಂಜಿನ್ ಏಳುವುದಿಲ್ಲ. ಕಾರಿಗೆ ಎಷ್ಟು ಕೀ ಪರಿಚಯವಿದೆ ಅನ್ನುವುದು ಮೊದಲು ತಿಳಿಯಬೇಕು, ಆಮೇಲೆ ಎಲ್ಲವನ್ನೂ ಅಳಿಸಿ ಹೊಸದನ್ನು ಬರೆಯಬೇಕು.

ಪರದೆ ಬೆಳಗಿತು. *ನೆನಪಿನಲ್ಲಿರುವ ಕೀ: ಮೂರು.*

ಅದರ ಕೆಳಗೇ ಇನ್ನೊಂದು ಸಾಲು. *ಈ ವಾಹನ ಈ ಯಂತ್ರಕ್ಕೆ ಪರಿಚಿತ. ಹಿಂದಿನ ಕೆಲಸ: ಮೇ 9. ಒಂದು ಕೀ ಸೇರಿಸಲಾಗಿದೆ.*

ಕ್ಲೆಮ್ ಎರಡು ಸಲ ಓದಿದ. ಈ ಯಂತ್ರ ಅಂದರೆ ಇದೇ. ಮುಟ್ಟುವವರು ಅವನನ್ನು ಬಿಟ್ಟು ಬೇರೆ ಯಾರೂ ಇಲ್ಲ. ಕಿವಿಯ ಹಿಂದಿನಿಂದ ಬಿಸಿ ಏರಿ ಕೆನ್ನೆಗೆ ಬಂತು. ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಗುಂಡಿ ಒತ್ತಿ ಆ ಸಾಲನ್ನು ಅಳಿಸಿತು. ಯಂತ್ರವನ್ನು ಸ್ವಲ್ಪ ಆ ಕಡೆಗೆ ತಿರುಗಿಸಿಕೊಂಡ.

"ಏನಂತೆ?" ಡೂಡೆಕ್ ಎದ್ದು ಬಂದಳು.

"ಮೂರು ಕೀ ಇದೆ."

"ಎರಡೇ ಇರೋದು," ರೋಸಾಲ್ಬಾ ಥಟ್ಟನೆ ಅಂದಳು. ಕೈ ಕುತ್ತಿಗೆಯ ಹತ್ತಿರ ಹೋಯಿತು. "ಒಂದು ನನ್ನ ಹೆಗಲ ಚೀಲದಲ್ಲಿ, ಇನ್ನೊಂದು ಅಡುಗೆಮನೆ ಕೊಕ್ಕೆಯಲ್ಲಿ. ಎರಡೂ ಇದ್ದಲ್ಲೇ ಇವೆ. ಆವತ್ತೇ ತೋರಿಸಿದೆನಲ್ಲ?"

"ತೋರಿಸಿದ್ದೀರಿ," ಅಂದಳು ಡೂಡೆಕ್. "ಮಿಸ್ಟರ್ ಬೊಲೀತೋ, ಮೂರನೇದು ಯಾವಾಗ ಸೇರಿದ್ದು, ಯಾರು ಸೇರಿಸಿದ್ದು ಅಂತ ಇದು ಹೇಳುತ್ತಾ?"

"ಇಲ್ಲ," ಅಂದ ಕ್ಲೆಮ್. "ಬರೀ ಲೆಕ್ಕ ಹೇಳುತ್ತೆ."

ಅಷ್ಟು ಸಲೀಸಾಗಿ ಬಂತು ಸುಳ್ಳು.

ಡೂಡೆಕ್ ಒಂದು ಗಳಿಗೆ ಅವನನ್ನೇ ನೋಡಿ, ಪೇಸ್ಟಿಯ ಕಾಗದವನ್ನು ಉಂಡೆ ಮಾಡಿ ಜೇಬಿಗೆ ಹಾಕಿಕೊಂಡಳು. "ಸರಿ. ನಿಮ್ಮ ಕೆಲಸ ಮುಗಿಸಿ," ಅಂತ ಹೊರಟುಹೋದಳು.

* * *

ಕೆಲಸ ಕೈಗೆ ಗೊತ್ತಿತ್ತು, ಅದೊಂದು ಪುಣ್ಯ. ಮೂರೂ ಕೀಗಳನ್ನು ಕಾರಿನ ನೆನಪಿನಿಂದ ಅಳಿಸಿದ. ಚಾಲಕನ ಬಾಗಿಲಿನದು, ಹಿಂಬಾಗಿಲಿನದು, ಸ್ಟಾರ್ಟ್ ಮಾಡುವ ಕಡೆಯದು, ಹೀಗೆ ಮೂರು ಬೀಗ ಬಿಚ್ಚಿ ಹೊಸದು ಕೂರಿಸಿದ. ಹೊಸ ಕೀ ಎರಡು ಕೊರೆದು, ಗುರುತು ಬರೆದು, ಒಂದೊಂದನ್ನೂ ಹತ್ತು ಸಲ ತಿರುಗಿಸಿ ನೋಡಿದ.

ರೋಸಾಲ್ಬಾ ಕಾಫಿ ತಂದಳು, ಜೊತೆಗೆ ಅವಳ ಅಮ್ಮ ಮಾಡಿದ ಬಾದಾಮಿ ಬಿಸ್ಕತ್ತು.

"ಗ್ಯಾರೇಜಿನ ರಿಮೋಟು ಕಾರಲ್ಲೇ ಇತ್ತಾ?" ಕ್ಲೆಮ್ ತಲೆ ಎತ್ತದೆ ಕೇಳಿದ.

"ಇತ್ತು, ಆ ಕಪ್ಪು ಚೀಲದಲ್ಲೇ. ಈಗ ಇಲ್ಲ."

"ಹಾಗಾದ್ರೆ ಅದನ್ನೂ ಇವತ್ತೇ ಬದಲಾಯಿಸ್ತೀನಿ. ನಿನ್ನ ವಿಳಾಸ ಇರೋ ಕಾಗದ ಇನ್ಮೇಲೆ ಕಾರಲ್ಲಿ ಇಡಬೇಡ. ಅಡುಗೆಮನೆ ಕೊಕ್ಕೆ ಕಿಟಕಿಯಿಂದ ಕಾಣುತ್ತೆ, ಕೀ ಅಲ್ಲಿ ನೇತುಹಾಕಬೇಡ. ಸ್ಟಿಯರಿಂಗಿಗೆ ಅಡ್ಡ ಹಾಕೋ ಈ ಕಬ್ಬಿಣದ ಕೋಲು ತಂದಿದ್ದೀನಿ. ನೋಡೋಕೆ ಒರಟು, ಆದ್ರೆ ದೂರದಿಂದಲೇ ಕಂಡು ಕಳ್ಳ ಮುಂದಿನ ಕಾರಿಗೆ ಹೋಗ್ತಾನೆ."

"ಕುದುರೆ ಓಡಿಹೋದ ಮೇಲೆ ಲಾಯಕ್ಕೆ ಅಗಳಿ ಹಾಕಿದ ಹಾಗೆ," ಅಂದಳು ರೋಸಾಲ್ಬಾ. ನಗಲಿಲ್ಲ. ಮೆಟ್ಟಿಲ ಮೇಲೆ ಕೂತು ಮೊಣಕಾಲು ತಬ್ಬಿಕೊಂಡಳು. "ನಂಬರು ಬರೆದಿಟ್ಟುಕೊಳ್ಳಬೇಡಿ ಅಂತ ಆಫೀಸಿನವರು ಸಾವಿರ ಸಲ ಹೇಳಿದ್ದರು, ಕ್ಲೆಮ್. ಹನ್ನೊಂದು ಮನೆ, ಹನ್ನೊಂದು ನಂಬರು. ನೆನಪಿಟ್ಟುಕೊಳ್ಳೋಕಾಗದ ದಡ್ಡಿಯಾ ನಾನು? ಸೋಮಾರಿತನ."

ಕ್ಲೆಮ್ ಸ್ಕ್ರೂ ತಿರುಗಿಸಿದ.

"ನಿನ್ನೆ ಅಂಗಡೀಲಿ ಬ್ರೆಡ್ ತೊಗೊಳ್ತಾ ಇದ್ದೆ. ಗ್ಲೆನಿಸ್ ಬಂದಳು. ಗೊತ್ತಲ್ಲ, ಆಲ್ಫ್ ಮಗಳು, ಅಡಿಲೇಡಿನಿಂದ ಬಂದಿದ್ದಾಳೆ. ನನ್ನ ಭುಜದ ಮಟ್ಟಕ್ಕೂ ಬರಲ್ಲ ಅವಳು, ಆದ್ರೆ ಆ ದನಿ! 'ಇವಳೇ ನೋಡಿ, ನನ್ನಪ್ಪನ ಮನೆ ಬಾಗಿಲನ್ನ ಕಳ್ಳರಿಗೆ ತೆಗೆದುಕೊಟ್ಟವಳು' ಅಂದಳು. ಇಡೀ ಅಂಗಡಿ ನಿಂತು ನೋಡಿತು. ನಾನು ಬ್ರೆಡ್ ಅಲ್ಲೇ ಇಟ್ಟು ಬಂದುಬಿಟ್ಟೆ." ಅವಳು ಕಪ್ಪಿನೊಳಗೆ ನೋಡಿದಳು. "ಅವಳು ಹೇಳಿದ್ದು ಸುಳ್ಳಾ? ಅಲ್ಲವಲ್ಲ."

ಇಲ್ಲಿ ಹೇಳಬಹುದಿತ್ತು. ನಿನ್ನ ನೋಟ್‌ಬುಕ್ಕಿಗಿಂತ ಮೊದಲು ನನ್ನ ಕೀ ಇತ್ತು ಕಣಮ್ಮ, ಅಂತ. ಬಾಯಿ ತೆರೆದ ಕೂಡ.

"ಕಾಫಿ ಚೆನ್ನಾಗಿದೆ," ಅಂದ ಕ್ಲೆಮ್.

ಹೆಂಡತಿ ಮರ್ಲ್ ಸಾಯುವ ಹಿಂದಿನ ದಿನ ಈ ಹೆಂಗಸು ಅವಳ ಕೂದಲು ಬಾಚಿ ಜಡೆ ಹಾಕಿದ್ದಳು. ಅದು ನೆನಪಾಗಿ ಅರ್ಧ ತಿಂದ ಬಿಸ್ಕತ್ತನ್ನು ತಟ್ಟೆಗೆ ಇಟ್ಟ.

* * *

ಅಂಗಡಿಗೆ ಬಂದವನೇ ಬಾಗಿಲು ಮುಂದೆ ಮಾಡಿ ಕ್ಲೆಮ್ ಹಳೆಯ ಕೆಲಸದ ಪುಸ್ತಕ ತೆಗೆದ. ಮೇ ಒಂಬತ್ತು.

ಅಕ್ಷರ ಅವನದೇ. ಆದರೆ ಸಾಲು ಗೆರೆಯ ಮೇಲೆ ನಿಂತಿರಲಿಲ್ಲ, ಜಾರುಬಂಡೆಯ ಮೇಲಿನ ಮಗುವಿನ ಹಾಗೆ ಕೆಳಕ್ಕೆ ಇಳಿದಿತ್ತು. *ಬೆಳ್ಳಿ ಬಣ್ಣದ ಕಾರು. ಒಂದು ಕೀ.* ಹೆಸರಿನ ಜಾಗ ಖಾಲಿ. ಲೈಸೆನ್ಸ್ ನಂಬರಿನ ಜಾಗ ಖಾಲಿ.

ಮರ್ಲ್ ಹೋದದ್ದು ಫೆಬ್ರವರಿಯ ಕೊನೆಗೆ. ಮಾರ್ಚಿನಲ್ಲಿ ತಗಡಿನ ಮಗ್ಗು ಬಂತು. ಟೀ ಕುಡಿಯುವ ಮಗ್ಗು, ಒಳಗೆ ಬ್ರಾಂದಿ. ಬೆಳಿಗ್ಗೆ ಹತ್ತಕ್ಕೆ ಒಂದು, ಆಮೇಲೆ ಲೆಕ್ಕವಿಲ್ಲ. ಜೂನ್ ಒಂದಕ್ಕೆ ತಾನಾಗಿಯೇ ಬಿಟ್ಟ. ಯಾರಿಗೂ ತಿಳಿಯಲಿಲ್ಲ ಅಂದುಕೊಂಡಿದ್ದ. ಆ ಮೂರು ತಿಂಗಳು ಮಾತ್ರ ಅವನ ತಲೆಯಲ್ಲಿ ನೀರಿಗೆ ಬಿದ್ದ ಕಾಗದದ ಹಾಗಿತ್ತು, ಏನೋ ಬರೆದಿದೆ, ಓದಲಾಗದು.

ಯಾರು ಬಂದಿದ್ದರು? ಗಲ್ಲಾದ ಆಚೆ ನಿಂತವರ ಮುಖ ನೆನಪು ಮಾಡಿಕೊಳ್ಳಲು ಕಣ್ಣು ಮುಚ್ಚಿದ. ಗಲ್ಲಾ ಕಂಡಿತು, ಮಗ್ಗು ಕಂಡಿತು. ಮುಖ ಇರಲಿಲ್ಲ.

ಕೈ ಹಾಳೆಯ ಮೂಲೆಯನ್ನು ಹಿಡಿಯಿತು. ಎಳೆಯಿತು. ಹೊಲಿಗೆಯ ಹತ್ತಿರ ಒಂದಿಂಚು ಹರಿಯಿತು.

"ಹರಿಯೋದಾದ್ರೆ ಪೂರ್ತಿ ಹರೀರಿ ಮಿಸ್ಟರ್ ಬೊಲೀತೋ. ಅರ್ಧ ಹರಿದದ್ದು ನಮಗೆ ಬಹಳ ಕೆಲಸ ಕೊಡುತ್ತೆ."

ಡೂಡೆಕ್ ಹಿಂಬಾಗಿಲಲ್ಲಿ ನಿಂತಿದ್ದಳು. ಬೀಗದವನು ತನ್ನ ಹಿಂಬಾಗಿಲಿಗೆ ಅಗಳಿ ಹಾಕಿರಲಿಲ್ಲ.

"ನಿಮ್ಮಂಥದ್ದೇ ಯಂತ್ರ ಅಡಿಲೇಡಿನ ನಮ್ಮ ಲ್ಯಾಬಲ್ಲೂ ಇದೆ," ಅಂದಳು ಒಳಗೆ ಬಂದು. "ಫೋನ್ ಮಾಡಿ ಕೇಳಿದೆ. ಅದು ಬರೀ ಲೆಕ್ಕ ಹೇಳಲ್ಲವಂತೆ. ತಾನು ಮಾಡಿದ ಕೆಲಸದ ತಾರೀಖನ್ನೂ ಹೇಳುತ್ತಂತೆ. ಬೆಳಿಗ್ಗೆ ನೀವು ಪರದೆ ಆ ಕಡೆ ತಿರುಗಿಸಿದ್ದು ಬಿಸಿಲಿಗೇನೋ ಅಂದುಕೊಂಡೆ. ಆಮೇಲೆ ನೋಡಿದ್ರೆ ಬಿಸಿಲಿದ್ದದ್ದೂ ಆ ಕಡೆಯೇ."

ಕ್ಲೆಮ್ ಪುಸ್ತಕವನ್ನು ಅವಳ ಕಡೆಗೆ ತಳ್ಳಿದ. ಅವಳು ಓದಿದಳು.

"ಯಾರಿಗೆ ಮಾಡಿಕೊಟ್ರಿ?"

"ನೆನಪಿಲ್ಲ."

"ಗಂಡಸೋ ಹೆಂಗಸೋ?"

"ನೆನಪಿಲ್ಲ."

"ಮೂವತ್ತೆಂಟು ವರ್ಷದಲ್ಲಿ ಒಂದೇ ಒಂದು ಮಾಡಿಲ್ಲ ಅಂದ್ರಲ್ಲ, ಮಾಡಿದ ಆ ಒಂದೂ ನೆನಪಿಲ್ಲವಾ?"

"ಕುಡಿದಿದ್ದೆ," ಅಂದ ಕ್ಲೆಮ್. ಈ ಮಾತನ್ನು ಅವನು ಹಿಂದೆ ಯಾರಿಗೂ ಹೇಳಿರಲಿಲ್ಲ. ಕನ್ನಡಿಗೂ ಹೇಳಿರಲಿಲ್ಲ. "ಅಂಗಡಿ ತೆಗೆದಿಟ್ಟುಕೊಂಡೇ ಕುಡೀತಿದ್ದೆ. ಹೆಂಡತಿ ಹೋದಳು, ಅದಕ್ಕೆ ಅಂತ ಹೇಳಬಹುದು. ಹೆಂಡತಿ ಹೋದವರೆಲ್ಲ ಕಂಡಕಂಡವರಿಗೆ ಕೀ ಮಾಡಿಕೊಡ್ತಾರಾ? ಆಲ್ಫ್ ಕ್ವಿಕ್ ನನ್ನ ಶಾಲೆಯ ಮೇಷ್ಟ್ರು, ಸಾರ್ಜೆಂಟ್. ಮರಗೆಲಸ ಕಲಿಸ್ತಿದ್ದರು. ಅರ ಹಿಡಿಯೋದು ಹೇಗೆ ಅಂತ ಈ ಕೈಗೆ ಹೇಳಿಕೊಟ್ಟವರೇ ಅವರು. ಆ ಕೈಯಿಂದಲೇ..."

ಅವನು ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡ.

ಡೂಡೆಕ್ ಸ್ಟೂಲ್ ಎಳೆದು ಕೂತಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

"ಒಂದು ವಿಷಯ ನನ್ನನ್ನ ಹತ್ತು ದಿನದಿಂದ ತಿಂತಾ ಇದೆ," ಅಂದಳು. "ಉಳಿದ ಎರಡು ಮನೆಗಳಲ್ಲಿ ಪೆಟ್ಟಿಗೆ ತೆರೆದು, ಕೀ ತೊಗೊಂಡು, ಒಳಗೆ ಹೋಗಿದ್ದಾರೆ. ಆಲ್ಫ್ ಮನೇಲಿ ಹಾಗಲ್ಲ. ಕೀ ಪೆಟ್ಟಿಗೆಯೊಳಗೇ ಇದೆ, ಪೆಟ್ಟಿಗೆ ಮೇಲಿನ ಜೇಡನ ಬಲೆ ಕೂಡ ಹರಿದಿಲ್ಲ. ಬಾಗಿಲೂ ಮುರಿದಿಲ್ಲ. ಸರಿ, ಈಗ ಇದು ಹೇಳಿ. ಕಾರಿಲ್ಲದೆ ಕಾರಿಗೆ ಕೀ ಸೇರಿಸೋಕಾಗುತ್ತಾ?"

"ಆಗಲ್ಲ. ಕಾರು ಅಂಗಡಿ ಮುಂದೆ ನಿಂತಿರಲೇಬೇಕು."

"ಹಳೇ ಕೀ ಬೇಕಾ?"

"ಬೇಕು. ಅದಿಲ್ಲದೆ ಮಾಡಿದ್ರೆ ಹಳೇವೆಲ್ಲ ಅಳಿಸಿಹೋಗುತ್ತೆ. ಇಲ್ಲಿ ಅಳಿಸಿಲ್ಲ."

"ಅಂದ್ರೆ ಮೇ ಒಂಬತ್ತಕ್ಕೆ ರೋಸಾಲ್ಬಾ ಕಾರು, ರೋಸಾಲ್ಬಾ ಕೀ, ಎರಡೂ ನಿಮ್ಮ ಬಾಗಿಲಲ್ಲಿದ್ದವು." ಡೂಡೆಕ್ ಎದ್ದಳು. "ಆದ್ರೆ ರೋಸಾಲ್ಬಾಗೆ ಏನೂ ಗೊತ್ತಿಲ್ಲ. ಏಳಿ, ಹೋಗೋಣ. ನನಗೆ ಹೇಳಿದ್ದನ್ನ ಅವಳ ಮುಖ ನೋಡಿ ಹೇಳಬೇಕು ನೀವು."

"ಅವಳಿಗೆ ನೀವೇ ಹೇಳಿಬಿಡಿ. ನನ್ನ ಕೈಲಾಗಲ್ಲ."

"ಆಗುತ್ತೆ," ಅಂದಳು ಡೂಡೆಕ್. "ಹಾಳೆ ಹರಿಯೋಕಾಗಿತ್ತಲ್ಲ."

* * *

ರೋಸಾಲ್ಬಾ ಹೊಸ ಕೋಲನ್ನು ಸ್ಟಿಯರಿಂಗಿಗೆ ಹಾಕಿ ತೆಗೆದು ಅಭ್ಯಾಸ ಮಾಡುತ್ತಿದ್ದಳು. ಇಬ್ಬರೂ ಒಟ್ಟಿಗೆ ಬಂದದ್ದನ್ನು ಕಂಡು ಇಳಿದು ನಿಂತಳು. ಒಳಗೆ ಬನ್ನಿ ಅನ್ನಲಿಲ್ಲ.

ಕ್ಲೆಮ್ ಟೋಪಿ ತೆಗೆದ. "ಮೂರನೇ ಕೀ ನಾನೇ ಮಾಡಿದ್ದು," ಅಂದ. "ಮೇ ತಿಂಗಳಲ್ಲಿ. ಕಾಗದ ಕೇಳಲಿಲ್ಲ, ಹೆಸರು ಬರೀಲಿಲ್ಲ. ಕುಡಿದು ಬಿದ್ದಿದ್ದೆ. ಬೆಳಿಗ್ಗೆ ನಿನ್ನ ಮುಂದೆ ದೊಡ್ಡ ಮಾತಾಡಿದೆನಲ್ಲ, ಆಮೇಲೆ ಯಂತ್ರ ನನ್ನ ಗುಟ್ಟು ತೋರಿಸಿತು. ಅದನ್ನೂ ಮುಚ್ಚಿಟ್ಟೆ. ನೀನು ಮೆಟ್ಟಿಲ ಮೇಲೆ ಕೂತು ನಿನ್ನನ್ನ ನೀನೇ ಬೈಕೊಳ್ತಾ ಇದ್ದೆ, ನಾನು ಕಾಫಿ ಚೆನ್ನಾಗಿದೆ ಅಂದೆ." ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಮರ್ಲ್‌ಗೆ ಅಷ್ಟು ಮಾಡಿದವಳು ನೀನು. ಉಗಿದುಬಿಡಮ್ಮ. ನಿಂತಿದ್ದೀನಿ."

ರೋಸಾಲ್ಬಾ ಉಗಿಯಲಿಲ್ಲ. ಕಾರಿನ ಬಾಗಿಲನ್ನು ಹಿಡಿದುಕೊಂಡಳು.

"ನೀವು ಕುಡಿದಿದ್ದು ನನಗೆ ಗೊತ್ತು," ಅಂದಳು ಮೆಲ್ಲಗೆ. "ಆವತ್ತು ನಿಮ್ಮ ಕೈ ನಡುಗ್ತಾ ಇತ್ತಂತೆ. ಅವರು ನಿಮ್ಮನ್ನ ಕೂರಿಸಿ, ಟೀ ಮಾಡಿ ಕುಡಿಸಿ, ಕೀಯ ಅಂಚನ್ನ ತಾವೇ ಅರ ಹಾಕಿ ನಯ ಮಾಡಿಕೊಂಡರಂತೆ. ಅಂಗಡಿ ಬಾಗಿಲು ಎಳೆದು, ನಿಮ್ಮನ್ನ ಮನೆ ತನಕ ಬಿಟ್ಟು ಬಂದರಂತೆ. 'ಯಾರಿಗೂ ಹೇಳಬೇಡ ರೋಸಾ, ಒಳ್ಳೇ ಹುಡುಗ ಅವನು, ಎದ್ದು ನಿಲ್ತಾನೆ' ಅಂದರು."

ಕ್ಲೆಮ್ ತಲೆ ಎತ್ತಿದ. ಅರವತ್ತೊಂದು ವರ್ಷದ ಅವನನ್ನು ಹುಡುಗ ಅನ್ನುವವರು ಊರಿನಲ್ಲಿ ಒಬ್ಬರೇ ಇದ್ದರು.

"ಯಾರು?" ಕೇಳಿದಳು ಡೂಡೆಕ್. "ಹೆಸರು ಹೇಳಿ."

"ಆಲ್ಫ್. ಆಲ್ಫ್ ಕ್ವಿಕ್. ನಾನೇ ಕಳಿಸಿದ್ದು."

ರಸ್ತೆಯಾಚೆ ಯಾರೋ ಹುಲ್ಲು ಕತ್ತರಿಸುತ್ತಿದ್ದ ಯಂತ್ರ ನಿಂತು ಮತ್ತೆ ಶುರುವಾಯಿತು.

"ಅವರ ಲೈಸೆನ್ಸ್ ಕಿತ್ತುಕೊಂಡಿದ್ದರು, ಕಣ್ಣು ಮಂಜು ಅಂತ. ಅರವತ್ತು ವರ್ಷ ಗಾಡಿ ಓಡಿಸಿದ ಮನುಷ್ಯ. ಅವತ್ತಿಂದ ಊಟ ಬಿಟ್ಟರು, ಕುರ್ಚಿ ಬಿಟ್ಟು ಏಳಲಿಲ್ಲ. ನನ್ನ ಕಣ್ಣೆದುರಿಗೇ ಸಾಯ್ತಾ ಇದ್ದರು. ಒಂದು ಭಾನುವಾರ ಕಾರು ಅವರ ಕೈಗೆ ಕೊಟ್ಟು ಪಕ್ಕದಲ್ಲಿ ಕೂತೆ. ಹೆಂಡತಿಯ ಸಮಾಧಿ ತನಕ ಮಣ್ಣು ರಸ್ತೇಲಿ, ಆಮೆ ಹೋದ ಹಾಗೆ ಹೋದ್ವಿ. ವಾಪಸು ಬಂದು ಎರಡು ಬಟ್ಟಲು ಸಾರು ಕುಡಿದರು. ಆಮೇಲೆ ಪ್ರತಿ ಭಾನುವಾರ." ಅವಳು ಕಣ್ಣೊರೆಸಿಕೊಂಡಳು. "ಜೇಬಲ್ಲಿ ನನ್ನದೂ ಅಂತ ಒಂದು ಕೀ ಇದ್ದರೆ ಮನುಷ್ಯ ಅನ್ನಿಸುತ್ತೆ ಕಣೇ ಅಂದರು. ಅದಕ್ಕೇ ಮಾಡಿಸಿಕೊಳ್ಳಿ ಅಂತ ಕಾರನ್ನ ನಿಮ್ಮ ಅಂಗಡಿ ಮುಂದೆ ನಿಲ್ಲಿಸಿ, ನನ್ನ ಕೀ ಅವರ ಕೈಗೆ ಕೊಟ್ಟು, ನಾನು ಬೇರೆ ರೋಗಿ ಮನೆಗೆ ನಡೆದು ಹೋದೆ. ಬಿಸ್ಕತ್ತು ಡಬ್ಬೀಲಿ ಇಟ್ಟುಕೊಂಡಿದ್ದರು."

"ಹತ್ತು ದಿನ ನನ್ನ ಮುಂದೆ ಎರಡೇ ಕೀ ಅಂದಿರಲ್ಲ?" ಡೂಡೆಕ್ ದನಿ ಏರಲಿಲ್ಲ. ಅದು ಇನ್ನೂ ಕೆಟ್ಟದಾಗಿ ಕೇಳಿಸಿತು.

"ಲೈಸೆನ್ಸ್ ಇಲ್ಲದ ರೋಗಿ ಕೈಗೆ ಕಾರು ಕೊಟ್ಟೆ ಅಂದ್ರೆ ನನ್ನ ಕೆಲಸ ಹೋಗುತ್ತೆ. ಕೆಲಸ ಹಾಳಾಗಿ ಹೋಗಲಿ. ಅವರ ಹೆಸರು ಪೇಪರಲ್ಲಿ ಬರುತ್ತೆ, ಅವರಿಗೆ ಮಾತು ಬಂದಾಗ ಮೊದಲು ಅದನ್ನ ಓದ್ತಾರೆ ಅಂತ ಹೆದರಿಕೆ. ಆ ಕೀ ಡಬ್ಬೀಲೇ ಇರುತ್ತೆ ಅಂದುಕೊಂಡಿದ್ದೆ. ದೇವರಾಣೆ. ನನ್ನನ್ನ ಅವರ ಮನೆ ಹತ್ರ ಯಾರೂ ಬಿಡಲಿಲ್ಲವಲ್ಲ."

"ಡಬ್ಬಿ ಖಾಲಿ ಇತ್ತು," ಅಂದಳು ಡೂಡೆಕ್. "ನೆಲದ ಮೇಲೆ ಬಿದ್ದಿತ್ತು. ಬರೀ ಬಿಸ್ಕತ್ತು ಡಬ್ಬಿ ಅಂತ ಬಿಟ್ಟೆ."

ಅವಳು ಕಾರಿನ ಬಾನೆಟ್ಟಿಗೆ ಒರಗಿ ಕಣ್ಣು ಮುಚ್ಚಿದಳು. ಮತ್ತೆ ಬಾಯಿ ತೆರೆದಾಗ ಒಂದೊಂದೇ ಮಾತು ಬಂತು.

"ಮಂಗಳವಾರ ಕಾರು ಹೋಯಿತು, ಬುಧವಾರ ಆಲ್ಫ್ ಸಿಕ್ಕಿದರು. ಅದಕ್ಕೇ ಕಾರು ಮೊದಲು, ಮನೆ ಆಮೇಲೆ ಅಂದುಕೊಂಡೆ. ಒಂದು ದಿನವೋ ಎರಡು ದಿನವೋ ಬಿದ್ದಿದ್ದಾರೆ ಅಂತ ಡಾಕ್ಟರು ಹೇಳಿದ್ದನ್ನ ಕಿವೀಲಿ ಹಾಕಿಕೊಂಡೆ, ತಲೇಲಿ ಹಾಕಿಕೊಳ್ಳಲಿಲ್ಲ. ಪೆಟ್ಟಿಗೆ ಯಾರೂ ಮುಟ್ಟಿಲ್ಲ. ಬಾಗಿಲು ಮುರಿದಿಲ್ಲ. ಮನೆ ಮೊದಲು, ಕಾರು ಆಮೇಲೆ. ಸೋಮವಾರ ಬಂದವರಿಗೆ ಆಲ್ಫ್ ತಾವೇ ಬಾಗಿಲು ತೆಗೆದಿದ್ದಾರೆ. ಡಬ್ಬಿಯಿಂದ ಕೀ ತೊಗೊಂಡು, ಮಾರನೇ ದಿನ ನಿಮ್ಮ ಕಾರು ಒಯ್ದಿದ್ದಾರೆ. ಆಮೇಲೆ ಉಳಿದೆರಡು ಮನೆಗೂ ನುಗ್ಗಿದ್ದಾರೆ, ಊರವರೆಲ್ಲ ನಿಮ್ಮ ನೋಟ್‌ಬುಕ್ ಕಡೆ ಬೆರಳು ತೋರಿಸಲಿ ಅಂತ." ಕಣ್ಣು ತೆರೆದಳು. "ಅವರ ಹತ್ರ ಕೀ ಇದೆ ಅಂತ ಯಾರಿಗೆ ಗೊತ್ತಿತ್ತು?"

"ನನಗೆ," ಅಂದಳು ರೋಸಾಲ್ಬಾ. "ಗ್ಲೆನಿಸ್‌ಗೆ. ಜುಲೈನಲ್ಲಿ ಡಬ್ಬೀಲಿ ನೋಡಿಬಿಟ್ಟಳಂತೆ. ಇದೇ ಮೆಟ್ಟಿಲ ಮೇಲೆ ನಿಂತು ಕೂಗಾಡಿದಳು, ನಿನ್ನನ್ನ ನೌಕರಿಯಿಂದ ತೆಗೆಸ್ತೀನಿ ಅಂತ. ಯಾಕೋ ತೆಗೆಸಲಿಲ್ಲ. ಸುಮ್ಮನಾದಳು."

"ಜುಲೈನಲ್ಲಿ? ಇಲ್ಲಿ?"

"ಹೂಂ."

"ಕಳೆದ ಕ್ರಿಸ್‌ಮಸ್ ಆದಮೇಲೆ ಈ ಊರಿಗೆ ಕಾಲಿಟ್ಟೇ ಇಲ್ಲ ಅಂತ ನನ್ನ ಹತ್ರ ಸಹಿ ಹಾಕಿ ಕೊಟ್ಟಿದ್ದಾಳೆ," ಅಂದಳು ಡೂಡೆಕ್.

ಕ್ಲೆಮ್ ಡೂಡೆಕ್ ಕಡೆ ತಿರುಗಿದ. "ಅವಳು ದಿನಾ ಆಸ್ಪತ್ರೇಲಿ ಅಪ್ಪನ ಪಕ್ಕ ಕೂತಿರ್ತಾಳಂತಲ್ಲ," ಅಂದ. "ಎಷ್ಟು ಒಳ್ಳೇ ಮಗಳು ಅಂತ ಜನ..."

ಡೂಡೆಕ್ ಆಗಲೇ ಫೋನ್ ತೆಗೆದಿದ್ದಳು. ಮೂರು ಸಲ ರಿಂಗಾಗಿ ವಾರ್ಡಿನ ಸಿಸ್ಟರ್ ಎತ್ತಿದಳು. ಡೂಡೆಕ್ ಫೋನನ್ನು ಬಾನೆಟ್ಟಿನ ಮೇಲಿಟ್ಟು ದನಿ ದೊಡ್ಡದು ಮಾಡಿದಳು.

"ಮಿಸ್ಟರ್ ಕ್ವಿಕ್ ಅವರಾ? ಅವರಿಲ್ಲವಲ್ಲ ಸಾರ್ಜೆಂಟ್. ಅಡಿಲೇಡಿನಲ್ಲಿ ದೊಡ್ಡ ಡಾಕ್ಟರಿಗೆ ತೋರಿಸ್ತೀನಿ ಅಂತ ಮಗಳು ಕಾಗದಕ್ಕೆಲ್ಲ ಸಹಿ ಹಾಕಿ ಕರ್ಕೊಂಡು ಹೋದರು. ಈಗೊಂದು ಮುಕ್ಕಾಲು ಗಂಟೆ ಆಯ್ತು."

"ಅವರಿಗೆ ಎಚ್ಚರ ಇತ್ತಾ? ಏನಾದ್ರೂ ಮಾತಾಡಿದರಾ?"

ಸಿಸ್ಟರ್ ಮತ್ತೆ ಮಾತಾಡಿದಾಗ ದನಿ ಕುಗ್ಗಿತ್ತು, ತಪ್ಪು ಒಪ್ಪಿಕೊಳ್ಳುವ ಮಗುವಿನ ದನಿ.

"ಮಾತಾಡಿದರು. ಆಸ್ಪತ್ರೆಗೆ ಬಂದಮೇಲೆ ಅದೇ ಮೊದಲು. ಗಾಲಿ ಕುರ್ಚಿಯಿಂದ ಕಾರಿಗೆ ಹತ್ತಿಸೋವಾಗ ನನ್ನ ಮುಂಗೈ ಹಿಡ್ಕೊಂಡುಬಿಟ್ಟರು. 'ಇವಳ ಜೊತೆ ನನ್ನನ್ನ ಕಳಿಸಬೇಡಮ್ಮ' ಅಂದರು. ವಯಸ್ಸಾದವರು ಹಾಗೇ ಹಟ ಮಾಡ್ತಾರಲ್ಲ ಅಂತ ನಾನು... ನಾನೇ ಅವರ ಬೆರಳು ಒಂದೊಂದಾಗಿ ಬಿಡಿಸಿ, ಬಾಗಿಲು ಹಾಕಿದೆ."